ಕಷಾಯದ ದ್ವೈತಸಿದ್ಧಾಂತ: ನಮ್ಮ ಮನೆಯ ಒಲೆಯನ್ನು ಆಧರಿಸಿದ ಅಧ್ಯಯನ

ಕನ್ನಡದಲ್ಲಿ ಕಾವ್ಯಮೀಮಾಂಸೆ ಬೇಕಾದಷ್ಟಿದೆ, ಕಷಾಯಮೀಮಾಂಸೆ ಇಲ್ಲ. ಈ ಕೊರತೆಯನ್ನು ನೀಗಿಸುವ ಸಂಕಲ್ಪ ನನಗೆ ಹುಟ್ಟಿದ್ದು 2020ರ ಏಪ್ರಿಲ್‌ನಲ್ಲಿ. ತುಳಸಿ, ಚಕ್ಕೆ, ಒಣಶುಂಠಿ, ಕಾಳುಮೆಣಸು ಹಾಕಿದ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಕುಡಿಯಿರಿ ಎಂದು ಆಯುಷ್ ಸಚಿವಾಲಯ ಆಗಷ್ಟೇ ಹೇಳಿತ್ತು. ಶಿರಸಿಯಿಂದ ನಾಲ್ಕು ದಿನಕ್ಕೆಂದು ಬಂದು ಲಾಕ್‌ಡೌನಿನಲ್ಲಿ ನಮ್ಮ ಬೆಂಗಳೂರಿನ ಮನೆಯಲ್ಲೇ ಉಳಿದಿದ್ದ ಸೋದರತ್ತೆ ಅದನ್ನು ಓದಿ, ‘ಒಂದೆರಡು’ ಎಂದರೆ ಒಂದು ಕೂಡಿಸು ಎರಡು ಎಂದು ವ್ಯಾಖ್ಯಾನಿಸಿದರು. ದಿನಕ್ಕೆ ಮೂರು ಲೋಟ. ಸಂಶೋಧನೆಗೆ ಬೇಕಾದ ದ್ರವ್ಯಸಹಾಯ ಹೀಗೆ ಅನಾಯಾಸವಾಗಿ ಒದಗಿತು.

ಪರಿಭಾಷೆ

ಕಷಾಯವೆಂದರೆ ಮೂಲದಲ್ಲಿ ಒಗರು. ಅದರ ದಾಯಾದಿ ಪದವಾದ ಕಾಷಾಯ ಸಂನ್ಯಾಸಿಗಳು ಉಡುವ ಬಟ್ಟೆ. ಮೊದಲನೆಯದನ್ನು ತಿಂಗಳುಗಟ್ಟಲೆ ಕುಡಿದವನಿಗೆ ಎರಡನೆಯದನ್ನು ಉಟ್ಟು ಹೊರಟುಬಿಡೋಣ ಎನಿಸುವುದು ಆಕಸ್ಮಿಕವಲ್ಲ. ಅತ್ತೆಯ ಊರಿನ ಕಡೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿ, ಹಾಲು ಬೆಲ್ಲ ಹಾಕಿ, ಬಂದವರಿಗೆ ಚಹದ ಬದಲು ಕೊಡುವ ಇನ್ನೊಂದು ಕಷಾಯವೂ ಇದೆ. ಅದು ರುಚಿಯಾಗಿರುವುದರಿಂದ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಮಾನಪದ್ಧತಿ

ಅಳತೆಗಳು ಮೂರು: ಚಿಟಿಕೆ, ಹಿಡಿ, ಅಂದಾಜು. ಹಿಡಿ ಯಾರದು ಎಂಬುದು ಮುಖ್ಯ. ಅತ್ತೆಯ ಒಂದು ಹಿಡಿ ಅಮೃತಬಳ್ಳಿ ನನ್ನ ಎರಡು ಹಿಡಿಗೆ ಸಮ. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಅಷ್ಟರಲ್ಲಿ ಫೋನ್ ಬಂದರೆ ಅರ್ಧ ಲೋಟಕ್ಕೂ ಇಳಿಯುತ್ತದೆ, ಆಗ ಅದಕ್ಕೆ ‘ಪವರ್ ಜಾಸ್ತಿ’.

ಹಿಡಿಯನ್ನು ಹಗುರವಾಗಿ ಕಾಣುವಂತಿಲ್ಲ. ನಾಲ್ಕನೇ ಶತಮಾನದ ಚೀನಾದ ಗೆ ಹಾಂಗ್ ಚಳಿಜ್ವರಕ್ಕೆ ಬರೆದಿಟ್ಟ ಮದ್ದಿನಲ್ಲೂ ಅಳತೆ ‘ಒಂದು ಹಿಡಿ’ ಎಂದೇ ಇದೆ. ಒಂದು ಹಿಡಿ ಛಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಸು, ಹಿಂಡು, ಆ ರಸ ಕುಡಿ. 1971ರಲ್ಲಿ ತು ಯೂಯೂ ಎಂಬ ಸಂಶೋಧಕಿ ಇದನ್ನು ಓದುವಾಗ ಅಲ್ಲಿ ಇಲ್ಲದ ಒಂದು ಮಾತನ್ನು ಗಮನಿಸಿದರು. ಕುದಿಸು ಎಂದು ಗೆ ಹಾಂಗ್ ಹೇಳಿರಲಿಲ್ಲ. ಕಾವಿಗೆ ಸತ್ವ ಹಾಳಾಗುತ್ತಿರಬೇಕೆಂದು ಊಹಿಸಿ, 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಅದನ್ನು ಇಳಿಸಿ, ಇಲಿಗೆ ಕೊಟ್ಟು, ಕೋತಿಗೆ ಕೊಟ್ಟು, 1972ರಲ್ಲಿ ತಾವೂ ತೆಗೆದುಕೊಂಡು, ಆಮೇಲೆ ಮಲೇರಿಯಾ ರೋಗಿಗಳಿಗೆ ಕೊಟ್ಟರು. ಅದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು. ಈ ಕಥೆಯನ್ನು ಅತ್ತೆಗೆ ಹೇಳಿದೆ. “ನೋಡಿದ್ಯಾ, ಸೊಪ್ಪಿಗೇ ಬಂದಿದ್ದು” ಎಂದು ಒಲೆಯ ಉರಿ ದೊಡ್ಡದು ಮಾಡಿದರು.

ಪೂರ್ವಪಕ್ಷ: ಅರಿಸಿನ, ಕಾಳುಮೆಣಸು

ಕಷಾಯಕ್ಕೆ ವಿಜ್ಞಾನದ ಬೆಂಬಲವಿಲ್ಲ ಎಂಬ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರಿಸಿನದ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ ಸೇರಿಸಿದರೆ ಮನುಷ್ಯರಲ್ಲಿ ಅದು ರಕ್ತ ಸೇರುವ ಪ್ರಮಾಣ 2000 ಪ್ರತಿಶತ ಏರುತ್ತದೆ. ಈ ಸಂಖ್ಯೆ ಇಂದು ಮಾತ್ರೆ ಡಬ್ಬಿಗಳ ಮೇಲೆ ದೇವರ ಪಟದಂತೆ ರಾರಾಜಿಸುತ್ತಿದೆ. ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬುದು ಡಬ್ಬಿಯ ಮೇಲಿಲ್ಲ. ಸೊನ್ನೆಯ ನೆರೆಮನೆಯಲ್ಲಿರುವ ಸಂಖ್ಯೆಯನ್ನು ಎಷ್ಟು ಪಟ್ಟು ಮಾಡಿದರೂ ಅದೇ ಬೀದಿ ದಾಟುವುದಿಲ್ಲ. ಅಲ್ಲಿ ಕೊಟ್ಟಿದ್ದು 2 ಗ್ರಾಂ ಕರ್ಕ್ಯುಮಿನ್. ಅರಿಸಿನದಲ್ಲಿ ಅದು ಇರುವುದು ನೂರಕ್ಕೆ ಸುಮಾರು 3 ಪಾಲು. ಅರ್ಧ ಚಮಚದ ಲೆಕ್ಕದಲ್ಲಿ ಅತ್ತೆಯ ಅರಿಸಿನದ ಹಾಲನ್ನು ನಾನು ಒಂದೇ ಕೂತಿಗೆ ನಲವತ್ತು ಲೋಟ ಕುಡಿಯಬೇಕಾಗುತ್ತದೆ. ಅತ್ತೆಗೆ ಈ ಲೆಕ್ಕ ತೋರಿಸಿಲ್ಲ, ಹಾಲು ತರಿಸಿಯಾರು.

ಕುಡಿದದ್ದು ಮೈಗೆ ಹತ್ತಿತೋ ಇಲ್ಲವೋ ಎಂಬ ಪ್ರಶ್ನೆಗೆ ಕೊಡಗಿನವರ ಬಳಿ ಮಾತ್ರ ಕಣ್ಣಿಗೆ ಕಾಣುವ ಉತ್ತರವಿದೆ. ಆಗಸ್ಟ್ ಮೊದಲ ವಾರ, ಕಕ್ಕಡ ಮಾಸದ 18ನೇ ದಿನ, ಮದ್ದುಸೊಪ್ಪನ್ನು ಬೇಯಿಸಿ ಅದರ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ 18 ಔಷಧಿಗಳು ಕೂಡಿರುತ್ತವೆಂಬ ನಂಬಿಕೆ. ಉಂಡವರ ಮೂತ್ರ ಕೆಂಪಗಾಗುತ್ತದೆ. ಮುಟ್ಟಿದ್ದಕ್ಕೆ ರಸೀದಿ ಕೊಡುವ ಏಕೈಕ ಸೊಪ್ಪು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರೆ. ಅಲ್ಲಿ ಪರೀಕ್ಷೆ ಇನ್ನೂ ಕಠಿಣ. ಕತ್ತಲಲ್ಲಿ ಪಾಲೆಯ ಬದಲು ಕಾಸರಕದ ತೊಗಟೆ ಕೈಗೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಗುರುತು ಬಲ್ಲ ಹಿರಿಯರು ಹಿಂದಿನ ದಿನವೇ ಮರ ನೋಡಿಟ್ಟು ಬರುವುದು ಅದಕ್ಕೇ.

ಅಣಬೆ ಪ್ರಕರಣ

ಇಷ್ಟರಲ್ಲಿ ಭಾವನ ಮಗ ಅಣಬೆಪುಡಿಯ ಕಾಫಿ ಡಬ್ಬಿ ತಂದ. “ಇಮ್ಯೂನಿಟಿ ಬೂಸ್ಟ್ ಆಗತ್ತೆ” ಎಂದ. ಅತ್ತೆ ಮೂಸಿ ನೋಡಿ “ನಾಯಿಕೊಡೆ” ಎಂದು ಪಕ್ಕಕ್ಕಿಟ್ಟರು. ಅಣಬೆಯ ಪಕ್ಷದಲ್ಲೂ ಸಾಕ್ಷಿಗಳಿವೆ. ಜಪಾನಿನ ವೈದ್ಯರು 1970ರ ದಶಕದಿಂದ ಹಲವು ದಶಕಗಳ ಕಾಲ ಒಂದು ಮರದಣಬೆಯ ಸಾರವನ್ನು ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಕೊಡುತ್ತಿದ್ದರು. ಜೊತೆಗೆ, ಬದಲಿಗೆ ಅಲ್ಲ. ಆದರೆ ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಶಿಲೀಂಧ್ರಕುಲ ಮನುಷ್ಯನಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಸೈಕ್ಲೋಸ್ಪೋರಿನ್. ನಾರ್ವೆಯ ಒಂದು ಪ್ರಸ್ಥಭೂಮಿಯಿಂದ ತಂದ ಮಣ್ಣಿನಲ್ಲಿದ್ದ ಬೂಷ್ಟಿನಿಂದ ಬಂದದ್ದು. ಬೇರೆಯವರ ಮೂತ್ರಪಿಂಡ, ಹೃದಯ ಹಾಕಿಸಿಕೊಂಡವರು ಬದುಕಿರುವುದರಲ್ಲಿ ಅದರ ಪಾಲು ದೊಡ್ಡದು. ಅದು ಮಾಡುವ ಕೆಲಸ ಆ ಶಕ್ತಿಯನ್ನು ತಗ್ಗಿಸುವುದು! ಈ ಶಕ್ತಿ ಬ್ಯಾಂಕಿನ ಠೇವಣಿಯಂತೆ ಏರುತ್ತಲೇ ಇರಬೇಕೆಂದವರು ಯಾರೋ. ಅದು ಬೀದಿ ಕಾಯುವ ನಾಯಿಯ ಹಾಗೆ. ಜಾಸ್ತಿ ಕೆರಳಿಸಿದರೆ ಮನೆಯವರನ್ನೇ ಕಚ್ಚುತ್ತದೆ.

2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದು ಇಂಥದ್ದನ್ನೇ. ಅಮೃತಬಳ್ಳಿ ಸೇವಿಸಿದ್ದ 6 ಮಂದಿಯ ಪಿತ್ತಜನಕಾಂಗಕ್ಕೆ ಪೆಟ್ಟಾಗಿತ್ತು, ದೇಹ ತನ್ನ ಮೇಲೆ ತಾನೇ ತಿರುಗಿಬಿದ್ದ ಲಕ್ಷಣಗಳಿದ್ದವು. ಅದು ನಿಜವಾದ ಅಮೃತಬಳ್ಳಿಯಲ್ಲ, ಅದರಂತೆಯೇ ಕಾಣುವ ಇನ್ನೊಂದು ಬಳ್ಳಿ ಇದ್ದೀತು ಎಂದು ಆಯುಷ್ ಸಚಿವಾಲಯ ವಾದಿಸಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಒಟ್ಟು 43 ಮಂದಿಯ ವರದಿ ಬಂತು. ನಮ್ಮ ಕಾಂಪೌಂಡಿನ ಮೇಲೆ ಹಬ್ಬಿದ್ದು ಯಾವ ಬಳ್ಳಿ ಎಂದು ಅತ್ತೆಯನ್ನು ಕೇಳಿದೆ. “ಎಲೆ ಹೃದಯದ ಹಾಗಿದೆಯಲ್ಲ” ಎಂದರು. ಹಾಗೆ ನೋಡಿದರೆ ವೀಳ್ಯದೆಲೆಯೂ ಹೃದಯದ ಹಾಗೇ ಇದೆ.

ಪ್ರಯೋಗ

ಭಾಗವಹಿಸಿದವರು ನಾಲ್ವರು. ಶ್ರಾವಣದಲ್ಲಿ ನಾಲ್ವರಿಗೂ ನೆಗಡಿಯಾಗಿ, ನಾಲ್ವರಿಗೂ ಒಂದೇ ವಾರದಲ್ಲಿ ವಾಸಿಯಾಯಿತು. ಅತ್ತೆ ಇದನ್ನು ನೂರಕ್ಕೆ ನೂರು ಯಶಸ್ಸು ಎಂದು ಶಿರಸಿಗೆ ಫೋನ್ ಮಾಡಿ ತಿಳಿಸಿದರು. ಆದರೆ ಮಾವ ತಮ್ಮ ಪಾಲಿನ ಲೋಟಗಳನ್ನು ಮೊದಲ ದಿನದಿಂದಲೂ ಬಾಲ್ಕನಿಯ ದಾಸವಾಳದ ಕುಂಡಕ್ಕೆ ಹೊಯ್ಯುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಪೂರ್ತಿ ಡೋಸನ್ನು ಒಂದು ದಿನವೂ ತಪ್ಪಿಸದೆ ತೆಗೆದುಕೊಂಡ ಏಕೈಕ ಜೀವಿ ದಾಸವಾಳ. ಅದು ದೀಪಾವಳಿಗೆ ಮುಂಚೆಯೇ ಒಣಗಿತು.

ಸಿದ್ಧಾಂತ

ಮೂಲ ಶೋಧ ಸಿಕ್ಕಿದ್ದು ಅತ್ತೆಯ ಕಣ್ಣಿನ ಪೊರೆಯ ಆಪರೇಷನ್‌ಗೆ ಹೋದಾಗ. ಡಾಕ್ಟರು ಕೇಳಿದರು, “ಶುಗರ್ ಮಾತ್ರೆ ಬಿಟ್ಟು ಬೇರೆ ಔಷಧಿ ಏನಾದರೂ ತಗೋತೀರಾ ಅಮ್ಮಾ?” “ಇಲ್ಲಪ್ಪ, ಏನೂ ಇಲ್ಲ.” ಅದೇ ಹೊತ್ತಿಗೆ ಅವರ ಚೀಲದಲ್ಲಿ ಸ್ಟೀಲ್ ಬಾಟಲಿ ತುಂಬ ಅಮೃತಬಳ್ಳಿ ಕಷಾಯ ಬಿಸಿಬಿಸಿಯಾಗಿತ್ತು. ಬೆಳಗ್ಗೆ ನನಗೆ ಕೊಡುವಾಗ “ಕುಡಿ ತಮಾ, ಔಷಧಿ ಅದು” ಎಂದಿದ್ದರು. ಕುಡಿಸುವಾಗ ಔಷಧಿ, ಡಾಕ್ಟರು ಕೇಳುವಾಗ ಬರೀ ಸೊಪ್ಪಿನ ನೀರು. ರೋಗ ವಾಸಿಮಾಡುವಷ್ಟು ಬಲ, ತೊಂದರೆ ಕೊಡುವಷ್ಟು ಬಲ ಮಾತ್ರ ಇಲ್ಲ. ಬೆಳಕು ಅಲೆಯೂ ಹೌದು, ಕಣವೂ ಹೌದು ಎಂಬುದರ ಮುಂದೆ ಇದು ಯಾವ ಲೆಕ್ಕದಲ್ಲೂ ಕಡಿಮೆಯ ಸಿದ್ಧಾಂತವಲ್ಲ.

ಸೊಪ್ಪಿಗೆ ಬಲವಿಲ್ಲವೆಂದು ನಾನು ಹೇಳುತ್ತಿಲ್ಲ, ಇದೆ ಎಂದೇ ತಕರಾರು. ಜ್ಯೂರಿಕ್‌ನಲ್ಲಿ ಹೃದಯ ಕಸಿ ಮಾಡಿಸಿಕೊಂಡ ಇಬ್ಬರು ಮನಸ್ಸಿನ ಬೇಸರಕ್ಕೆಂದು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಸಾರ ತೆಗೆದುಕೊಂಡರು. (ಬೆಂಗಳೂರಿನ ಕಾಲೇಜಿಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ.) ಆ ಸಾರ ರಕ್ತದಲ್ಲಿದ್ದ ಸೈಕ್ಲೋಸ್ಪೋರಿನ್ನನ್ನು ಇಳಿಸಿಬಿಟ್ಟಿತು, ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿತು. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಗಿಡವೂ ನ್ಯಾಚುರಲ್, ಬೂಷ್ಟೂ ನ್ಯಾಚುರಲ್.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಡಾಕ್ಟರು ಔಷಧಿ ಕೇಳಿದಾಗ ಚೀಲದಿಂದ ಆ ಸ್ಟೀಲ್ ಬಾಟಲಿಯನ್ನೂ ತೆಗೆದು ಮೇಜಿನ ಮೇಲಿಡಿ. ದಾಸವಾಳದ ಸಂಗತಿಯನ್ನು ಮಾತ್ರ ಅತ್ತೆಗೆ ಹೇಳಬೇಡಿ. ನೀರು ಕಡಿಮೆಯಾಗಿ ಒಣಗಿತೆಂದು ಮಾವ ಹೇಳಿದ್ದಾರೆ.