ಎಕ್ಸ್‌ಟರ್ನಲ್ ಸಾವ್ಕಾರ

ಮೂಡಲಗಿಯ ಚಹಾದಂಗಡಿ ಇವನಿಗೆ ಇಟ್ಟ ಹೆಸರು ‘ಎಕ್ಸ್‌ಟರ್ನಲ್ ಸಾವ್ಕಾರ’. ಪಿಯುಸಿ ಪಾಸು. ಕಾಲೇಜಿಗೆ ಹೋಗುವುದಿಲ್ಲ, ಓದು ಬಿಟ್ಟೆ ಅನ್ನುವುದೂ ಇಲ್ಲ. “ಏನ್ ಮಾಡಾಕತ್ತೀಯೋ ತಮ್ಮಾ?” ಎಂದು ಕೇಳಿದರೆ, “ಬಿ.ಎ. ನಡದೈತ್ರಿ ಕಾಕಾ, ಓಪನ್ ಯೂನಿವರ್ಸಿಟಿ” ಎಂಬ ಉತ್ತರ ಟ್ರ್ಯಾಕ್ಟರ್ ಮೇಲಿಂದಲೇ ಬರುತ್ತದೆ.

ಇಂಥ ಸಾವ್ಕಾರರು ಗೋಕಾಕ, ಹುಕ್ಕೇರಿಯಲ್ಲೂ ಇದ್ದಾರೆ. ನಸುಕಿಗೆ ಪೊಲೀಸ್ ಭರ್ತಿಯ 1600 ಮೀಟರ್ ಓಟ, ಹಗಲೆಲ್ಲ ಕಬ್ಬಿನ ಹೊಲ, ರಾತ್ರಿ ಮೊಬೈಲು. ಕಾನ್‌ಸ್ಟೇಬಲ್ ಆಗಲು ಪಿಯುಸಿ ಸಾಕು, ಪಿಎಸ್‌ಐ ಆಗಲು ಪದವಿ ಬೇಕು. ಸಾವ್ಕಾರನ ಲೆಕ್ಕ ಸರಿಯಾಗಿಯೇ ಇದೆ.

ಅವನಿಗೆ ಓದಬೇಕೆಂದಿದ್ದದ್ದು ಕೃಷಿ. ಆದರೆ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನಿನಂತೆ ಕೃಷಿ ಪದವಿಯನ್ನೂ ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಒಪ್ಪುವುದಿಲ್ಲ. ಹೀಗಾಗಿ ದಿನವಿಡೀ ಹೊಲದಲ್ಲಿ ನಿಲ್ಲುವವನು ಇತಿಹಾಸ ಆರಿಸಿಕೊಂಡ.

ಅರ್ಜಿ ತುಂಬುವ ದಿನ ಮನೆಯಲ್ಲಿ ಗದ್ದಲ. ಮೊದಲು ಕ್ರೆಡಿಟ್ ಲೆಕ್ಕ ಇಡುವ ಎಬಿಸಿ ಐಡಿ, ಆಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ಡಿಇಬಿ ಐಡಿ. “ಪಿಯುಸಿ ಮುಗಿಸಿದ ಮ್ಯಾಲ ಮತ್ತ ಎಬಿಸಿ ಯಾಕಲೇ?” ಅಂದ ಅಪ್ಪ.

“ಆ ಡಿಗ್ರಿ ನಡೀತೈತೇನು?” ಎಂದು ಯಾರಾದರೂ ಕೆಣಕಿದರೆ ಸಾವ್ಕಾರ ವಕೀಲನಾಗುತ್ತಾನೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರುಮಾಡಿದ್ದು, 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾದದ್ದು, ಎಲ್ಲ ಬಾಯಿಪಾಠ. 2015ರಲ್ಲಿ ಮಾನ್ಯತೆ ಹೋಗಿದೆಯೆಂದು ಯುಜಿಸಿ ಸಾರಿದ್ದನ್ನು ಮಾತ್ರ ತಾನಾಗಿ ಎತ್ತುವುದಿಲ್ಲ. ಎದುರಿನವರು ಎತ್ತಿದರೆ, “2018ರಾಗ ವಾಪಸ್ ಬಂತಲ್ರಿ!” ಎನ್ನುತ್ತಾನೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಹೇಳಿದ್ದು ಅವನ ಮೊಬೈಲಿನಲ್ಲೇ ಇದೆ.

ಮೈಸೂರು ಇಲ್ಲಿಂದ ಐದುನೂರು ಕಿಲೋಮೀಟರಿಗೂ ದೂರ. ಅವನು ಕಂಡಿದ್ದು ಬೆಳಗಾವಿಯ ಪ್ರಾದೇಶಿಕ ಕೇಂದ್ರವನ್ನಷ್ಟೇ. ಅಲ್ಲಿಂದ ತಂದ ಪುಸ್ತಕದ ಕಟ್ಟು ದೇವರ ಜಗುಲಿಯ ಮೇಲಿದೆ. ಅವ್ವ ದಿನಾ ಅದಕ್ಕೆ ಕುಂಕುಮ ಹಚ್ಚುತ್ತಾಳೆ. ಮಗ ಇನ್ನೂ ದಾರ ಬಿಚ್ಚಿಲ್ಲ.

ಕೆಲವರು ನಗುತ್ತಾರೆ. ಆದರೆ ಕಬ್ಬು ಕಡಿಯುವ ಹಂಗಾಮಿನಲ್ಲಿ ತರಗತಿಗೆ ಹೋಗಲಾಗದ ಹುಡುಗನಿಗೆ, ಮದುವೆಯ ಮಾತು ಶುರುವಾದ ಹುಡುಗಿಗೆ, ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರುವುದು ಈ ಕಡೆಯಿಂದಲೇ.

ಜುಲೈ ತಪ್ಪಿದರೆ ಜನವರಿಯಲ್ಲೂ ಪ್ರವೇಶ ಉಂಟು. ದುಡ್ಡು ಕಟ್ಟುವ ಮೊದಲು ವಿಶ್ವವಿದ್ಯಾನಿಲಯದ ಹೆಸರು, ಕೋರ್ಸಿನ ಹೆಸರು ಎರಡೂ ಯುಜಿಸಿ ಪಟ್ಟಿಯಲ್ಲಿ ಇವೆಯೇ ನೋಡಿಕೊಳ್ಳಿ. ಸಾವ್ಕಾರ ನೋಡಿಕೊಂಡಿದ್ದಾನೆ. ಸದ್ಯಕ್ಕೆ ಅವನು ಪೂರ್ತಿ ಓದಿರುವುದು ಅದೊಂದನ್ನೇ.