ಸುವಾ ನಗರದ ಪೂರ್ವಾನುಭವಿಗಳು

ಫಿಜಿ ದೇಶದ ರಾಜಧಾನಿಯಾದ ಸುವಾ ನಗರದಲ್ಲಿ, 1968ರಲ್ಲಿ ಸ್ಥಾಪಿತವಾದ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯವೂ, ಪೆಸಿಫಿಕ್ ದ್ವೀಪಗಳ ವೇದಿಕೆಯ ಪ್ರಧಾನ ಕಾರ್ಯಾಲಯವೂ, ವಿಶ್ವಸಂಸ್ಥೆಯ ಕೆಲವು ಶಾಖೆಗಳೂ ಒಂದೆಡೆ ನೆಲೆಗೊಂಡಿರುವ ಕಾರಣದಿಂದ, ಸಮುದ್ರಮಟ್ಟದ ಏರಿಕೆ ಮೊದಲ್ಗೊಂಡು ಮೀನುಗಾರಿಕೆಯ ಹಕ್ಕಿನವರೆಗೆ ನಾನಾ ವಿಷಯಗಳನ್ನು ಕುರಿತ ಸಮ್ಮೇಳನಗಳು ಅಲ್ಲಿ ವರ್ಷವಿಡೀ ಜರುಗುತ್ತಲೇ ಇರುತ್ತವೆ. ಅಂತಹ ಪ್ರತಿಯೊಂದು ಸಮ್ಮೇಳನದಲ್ಲಿಯೂ, ಕಾರ್ಯಕ್ರಮಪತ್ರಿಕೆಯಲ್ಲಿ ಹೆಸರು ಅಚ್ಚಾಗಿರಲಿ ಬಿಡಲಿ, ಪೂರ್ವಾನುಭವಿಗಳೆಂಬ ಒಬ್ಬ ಮಹನೀಯರು ತಪ್ಪದೆ ಉಪಸ್ಥಿತರಿರುತ್ತಾರೆ. ಇವರಿಗೆ ದೇಶಭೇದವಿಲ್ಲ. ಕ್ಯಾನ್‌ಬೆರಾದಿಂದಲೂ ಬರುತ್ತಾರೆ, ಜಿನೀವಾದಿಂದಲೂ ಬರುತ್ತಾರೆ, ನಮ್ಮ ಮೈಸೂರು ಬೆಂಗಳೂರುಗಳಿಂದಲೂ ಬರುತ್ತಾರೆ. ಇವರ ಪಾಂಡಿತ್ಯಕ್ಕೆ ಆಧಾರವಾದ ಏಕೈಕ ಪ್ರಮಾಣವೆಂದರೆ, ಹಿಂದೊಮ್ಮೆ ಇದೇ ಊರಿಗೆ ಬಂದು ಕೆಲವು ದಿನ ಹೋಟೆಲಿನಲ್ಲಿ ತಂಗಿದ್ದ ಸಂಗತಿ, ಆ ಸಲದ ಸಮ್ಮೇಳನದ ವಿಷಯವೇನಿತ್ತೆಂದು ಕೇಳಿದರೆ ಕ್ಷಣಕಾಲ ಚಾವಣಿಯನ್ನು ನೋಡಿ, “ಅದಿರಲಿ, ನಿಮ್ಮ ಕೊಠಡಿ ಸಮುದ್ರದ ಕಡೆಗಿದೆಯೋ, ರಸ್ತೆಯ ಕಡೆಗೋ?” ಎಂದು ಮರುಪ್ರಶ್ನೆ ಹಾಕುತ್ತಾರೆ.

ಅವರ ಉಪದೇಶಕ್ಕೆ ನಾಂದಿಯಾಗುವುದು ನಾಂದಿಯ ವಿಮಾನ ನಿಲ್ದಾಣದಲ್ಲಿಯೇ. ಕಿವಿಯ ಮೇಲೆ ಹೂವಿಟ್ಟು ಗಿಟಾರು ನುಡಿಸುತ್ತ ಹಾಡುವ ಸ್ವಾಗತಗಾಯಕರನ್ನು ಕಂಡು, ಅಂತೂ ಬಂದು ಮುಟ್ಟಿದೆವೆಂದು ನಿಟ್ಟುಸಿರು ಬಿಡುವ ಹೊಸಬರ ಭುಜದ ಮೇಲೆ ಕೈಯಿಟ್ಟು, “ಇಳಿದಿದ್ದೀರಿ, ತಲುಪಿಲ್ಲ” ಎನ್ನುತ್ತಾರೆ. ಮಾತು ಸುಳ್ಳಲ್ಲ. ನಾಂದಿ ಇರುವುದು ವಿತಿ ಲೇವು ದ್ವೀಪದ ಪಶ್ಚಿಮ ತೀರದಲ್ಲಿ, ಸುವಾ ಇರುವುದು ಆಗ್ನೇಯ ತೀರದಲ್ಲಿ. ಎರಡನ್ನೂ ಕೂಡಿಸುವ ಕ್ವೀನ್ಸ್ ರಸ್ತೆ ಸಿಂಗತೋಕ ಪಟ್ಟಣವನ್ನು ಹಾದು, ದಕ್ಷಿಣದ ಕಡಲಂಚನ್ನು ಅನುಸರಿಸಿ, ಸುಮಾರು 190 ಕಿಲೋಮೀಟರು ಸಾಗುವುದರಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆಯ ಹಾರಾಟವೇನೋ ಉಂಟು. ಆದರೆ ಅದರಲ್ಲಿ ಸಾಮಾನಿನ ಮಿತಿ ದೊಡ್ಡ ವಿಮಾನದಷ್ಟಿರುವುದಿಲ್ಲ, ಮತ್ತು ಅದು ಇಳಿಸುವುದೂ ನೌಸೋರಿಯಲ್ಲಿ. ಅಲ್ಲಿಂದ ಊರಿಗೆ ಪುನಃ 20 ಕಿಲೋಮೀಟರಿಗೆ ಮಿಕ್ಕ ದಾರಿ. ಇವೆಲ್ಲವನ್ನೂ ಮುಂಚಿತವಾಗಿ ಅರಿತುಕೊಳ್ಳುವುದು ಸಮ್ಮೇಳನಾರ್ಥಿಗಳಿಗೆ ಅತ್ಯಾವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಪೂರ್ವಾನುಭವಿಗಳ ವೈಶಿಷ್ಟ್ಯವೆಂದರೆ, ಬಸ್ಸಿನ ಚೀಟಿ ಕೊಂಡವನಿಗೆ ವಿಮಾನದ ಸೌಖ್ಯವನ್ನೂ, ವಿಮಾನದ ಚೀಟಿ ಕೊಂಡವನಿಗೆ ಬಸ್ಸಿನ ಕಿಟಕಿಯಿಂದ ಕಾಣುವ ರಮಣೀಯ ದೃಶ್ಯಗಳನ್ನೂ ವರ್ಣಿಸಿ, ಎರಡೂ ಪಕ್ಷದವರಲ್ಲಿ ಸಮಾನವಾದ ಪಶ್ಚಾತ್ತಾಪವನ್ನುಂಟುಮಾಡುವುದು.

ಆದರೆ ಸ್ವತಃ ಅವರೇ ಮುಗ್ಗರಿಸುವ ಸ್ಥಳವೊಂದು ಅದೇ ನಿಲ್ದಾಣದಲ್ಲಿದೆ. ದ್ವೀಪರಾಷ್ಟ್ರಗಳು ಹೊರಗಿನ ಕೀಟರೋಗಗಳಿಗೆ ಅಂಜುವಷ್ಟು ಶತ್ರುಸೈನ್ಯಕ್ಕೂ ಅಂಜವು; ಹಾಲಿನ ಪದಾರ್ಥ, ಮಾಂಸ, ಜೇನು, ಬೀಜ, ಹಣ್ಣು, ಗಿಡಮೂಲಿಕೆ ಇವುಗಳಲ್ಲಿ ಯಾವುದಿದ್ದರೂ ಆಗಮನಪತ್ರದಲ್ಲಿ ಬರೆದು ತೋರಿಸತಕ್ಕದ್ದು, ಮರೆಮಾಚಿದರೆ ದಂಡ ತೆರತಕ್ಕದ್ದು. ಇದನ್ನು ವಿಮಾನದಲ್ಲಿಯೇ ಹತ್ತು ಜನಕ್ಕೆ ಬೋಧಿಸಿದ ನಮ್ಮ ಕಡೆಯ ಪೂರ್ವಾನುಭವಿಗಳ ಪೆಟ್ಟಿಗೆಯಿಂದ, ಅಧಿಕಾರಿಣಿಯ ಕೈಗೆ ಕ್ರಮವಾಗಿ ಒಂದು ಸೀಸೆ ತುಪ್ಪ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಕರಿಬೇವಿನ ಒಂದು ಕಟ್ಟು ಹೊರಬರುತ್ತವೆ. “ಅಲ್ಲಿ ನಮ್ಮ ಊಟ ಸಿಕ್ಕುವುದಿಲ್ಲವಲ್ಲ” ಎಂಬುದು ಅವರ ಸಮಾಧಾನ. ಸಿಕ್ಕದೆ ಏನು! 1879ರಿಂದ 1916ರವರೆಗೆ ಕಬ್ಬಿನ ತೋಟಗಳ ಕೂಲಿಗಾಗಿ ಗಿರ್ಮಿಟ್ ಒಪ್ಪಂದಕ್ಕೆ ಹೆಬ್ಬೆಟ್ಟೊತ್ತಿ ಬಂದ ಸುಮಾರು 60,000 ಭಾರತೀಯರು, ಅವರಲ್ಲಿ 1903ರಿಂದೀಚೆಗೆ ಮದರಾಸಿನ ಬಂದರಿನಿಂದ ಹೊರಟ ದಾಕ್ಷಿಣಾತ್ಯರೂ, ಅಡಿಗೆಯ ಮನೆಯನ್ನು ಊರಿನಲ್ಲಿ ಬಿಟ್ಟುಬರಲಿಲ್ಲ. ಸುವಾದ ಪುರಸಭೆಯ ಮಾರುಕಟ್ಟೆಯಲ್ಲಿ ಬದನೆ, ಬೆಂಡೆ, ಕರಿಬೇವುಗಳು ದಾಲೋ ಗೆಡ್ಡೆಯ ರಾಶಿಯ ಪಕ್ಕದಲ್ಲೇ ಕುಳಿತಿರುತ್ತವೆ. ಬೇಳೆ, ರೊಟ್ಟಿಗಳಿಗೆ ಬೀದಿಯಲ್ಲೆಲ್ಲ ಅಂಗಡಿಗಳಿವೆ. ನಾಂದಿಯ ಮುಖ್ಯಬೀದಿಯ ಕೊನೆಯಲ್ಲಿ ದ್ರಾವಿಡ ಶೈಲಿಯ ಗೋಪುರವುಳ್ಳ ಸುಬ್ರಹ್ಮಣ್ಯನ ದೇವಾಲಯವೇ ನಿಂತಿದೆ. ಉಪ್ಪಿನಕಾಯಿಯ ಭರಣಿಯನ್ನು ಕಳೆದುಕೊಂಡ ಪೂರ್ವಾನುಭವಿಗಳು ಈ ಯಾವುದನ್ನೂ ನೋಡದೆ, ಮೂರು ದಿನವೂ ಹೋಟೆಲಿನ ಬ್ರೆಡ್ಡನ್ನು ತಿಂದು, ಪರದೇಶದ ಕಷ್ಟವನ್ನು ಹೊಸಬರಿಗೆ ನಿರೂಪಿಸುತ್ತಾರೆ.

ಹವೆಯ ವಿಷಯದಲ್ಲಿ ಅವರು ನಿರ್ವಿವಾದ ಪಂಡಿತರು. ಆಗ್ನೇಯದ ವಾಣಿಜ್ಯಮಾರುತಗಳಿಗೆ ಎದುರಾಗಿರುವ ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ. ಬೆಟ್ಟಗಳ ಮರೆಯಲ್ಲಿರುವ ನಾಂದಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ನವೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತಗಳ ಕಾಲ. ನೀವು ಯಾವ ತಿಂಗಳಿನಲ್ಲಿ ಹೋಗಿ, ಅದು ತಪ್ಪು ತಿಂಗಳೆಂದು ಅವರು ಸಾಧಿಸಬಲ್ಲರು. ಚಿತ್ರಪಟಗಳಲ್ಲಿ ಕಂಡ ಬಿಳಿಯ ಮರಳನ್ನು ನೆನೆದು ಈಜುಡುಗೆ ತಂದಿರುವ ತರುಣ ಪ್ರತಿನಿಧಿಯನ್ನು ಕಿಟಕಿಯ ಬಳಿಗೆ ಕರೆದೊಯ್ದು, ಹಡಗುಗಳು ತಂಗುವ ಬಂದರನ್ನೂ ಇಳಿತದಲ್ಲಿ ತಲೆಯೆತ್ತುವ ಕೆಸರನ್ನೂ ತೋರಿಸಿ, “ಇದೇ ನಿಮ್ಮ ಸಮುದ್ರಸ್ನಾನ” ಎಂದು ಹೇಳುವಾಗ ಅವರ ಮುಖದಲ್ಲಿ ಮೂಡುವ ತೃಪ್ತಿ ವರ್ಣನಾತೀತ. ಮರಳಿನ ದಂಡೆ ಬೇಕಾದವರು ಕ್ವೀನ್ಸ್ ರಸ್ತೆಯ ನಡುದಾರಿಯ ಹವಳತೀರದಲ್ಲಿ ಒಂದು ದಿನ ಇಳಿದುಕೊಳ್ಳಬಹುದೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ, ಏಕೆಂದರೆ ಆ ದಾರಿಯುದ್ದಕ್ಕೂ ಅವರು ನಿದ್ರಿಸಿದ್ದರು.

ಅವರ ಕೀರ್ತಿಯ ಪರಾಕಾಷ್ಠೆಯೂ ಪತನವೂ ಒಟ್ಟಿಗೆ ಒದಗುವುದು ಸ್ವಾಗತಸಮಾರಂಭದ ಸಂಜೆ, ಯಂಗೋನದ ಪಾತ್ರೆಯ ಮುಂದೆ. ಕಾವಾ ಎಂದು ಲೋಕವೆಲ್ಲ ಕರೆಯುವ ಈ ಪಾನೀಯ, ನಮ್ಮ ವೀಳ್ಯದೆಲೆ ಕಾಳುಮೆಣಸುಗಳ ಕುಲಕ್ಕೇ ಸೇರಿದ ಗಿಡವೊಂದರ ಬೇರನ್ನು ಕುಟ್ಟಿ ನೀರಿನಲ್ಲಿ ಸೋಸಿದ್ದು. ಮದ್ಯವಲ್ಲ, ಆದರೂ ಮೈಯನ್ನು ಸಡಿಲಗೊಳಿಸಿ ನಾಲಿಗೆಯನ್ನು ಕೊಂಚ ಮರಗಟ್ಟಿಸುತ್ತದೆ. ಕಾಲುಳ್ಳ ದೊಡ್ಡ ಮರದ ಬೋಗುಣಿ ತನೋವಾ. ಅದಕ್ಕೆ ಕವಡೆ ಕಟ್ಟಿದ ಹುರಿಯನ್ನು ಮುಖಂಡನ ಕಡೆಗೆ ಚಾಚಿರುತ್ತಾರೆ, ಅದನ್ನು ದಾಟಬಾರದು. ತೆಂಗಿನ ಚಿಪ್ಪಿನ ಬಟ್ಟಲು ಬಿಲೋ. ಅದು ತನ್ನೆಡೆಗೆ ಬಂದಾಗ ಅತಿಥಿಯು ಅಂಗೈಗಳನ್ನು ಬಾಗಿಸಿ ಒಂದು ಚಪ್ಪಾಳೆ ತಟ್ಟಿ, “ಬುಲಾ” ಎಂದು ನುಡಿದು, ಒಂದೇ ಉಸಿರಿನಲ್ಲಿ ಕುಡಿದು, ಬಟ್ಟಲನ್ನು ಹಿಂದಿರುಗಿಸಿ, ಮೂರು ಬಾರಿ ಚಪ್ಪಾಳೆ ತಟ್ಟಬೇಕು. ಹಳ್ಳಿಗೆ ಹೋಗುವವರಾದರೆ ಈ ಬೇರಿನ ಒಂದು ಕಂತೆಯನ್ನು ಮಾರುಕಟ್ಟೆಯಲ್ಲಿ ಕೊಂಡು ಸೆವುಸೆವು ಎಂಬ ಕಾಣಿಕೆಯಾಗಿ ಮುಖಂಡನಿಗೆ ಅರ್ಪಿಸುವುದು, ಟೋಪಿ ತೆಗೆಯುವುದು, ಮೊಣಕಾಲು ಮುಚ್ಚುವಂತೆ ಸುಲು ಎಂಬ ಪಂಚೆಯನ್ನು ಉಡುವುದು, ಮಕ್ಕಳನ್ನು ಮುದ್ದಿಸುವ ನೆಪದಲ್ಲಿಯೂ ಯಾರ ತಲೆಯನ್ನೂ ಮುಟ್ಟದಿರುವುದು ಮರ್ಯಾದೆ. ಇಷ್ಟನ್ನೂ ಪೂರ್ವಾನುಭವಿಗಳು ಮಧ್ಯಾಹ್ನದಿಂದಲೇ ಹೊಸಬರಿಗೆ ಅಭ್ಯಾಸ ಮಾಡಿಸಿರುತ್ತಾರೆ. ಸಂಜೆ ಮೊದಲ ಬಟ್ಟಲು ಬರುವುದು ಅವರಿಗೇ. ಗಾಬರಿಯಿಂದಲೋ ಉತ್ಸಾಹಾಧಿಕ್ಯದಿಂದಲೋ ಮೊದಲೇ ಮೂರು ಚಪ್ಪಾಳೆ ತಟ್ಟಿ, ಅರ್ಧ ಕುಡಿದು, ಕೆಮ್ಮಿ, ಉಳಿದರ್ಧವನ್ನು ಎಲ್ಲಿಡಬೇಕೆಂದು ತಿಳಿಯದೆ ಪಕ್ಕದವರತ್ತ ಚಾಚುತ್ತಾರೆ. ಫಿಜಿಯ ಜನ ಸಂಭಾವಿತರು. ಯಾರೂ ನಗುವುದಿಲ್ಲ, ಸಭೆಯೆಲ್ಲ ಒಟ್ಟಾಗಿ ಗಂಭೀರವಾಗಿ ಮೂರು ಚಪ್ಪಾಳೆ ತಟ್ಟಿ ಅವರ ಮಾನವನ್ನು ಕಾಯುತ್ತದೆ. ಎರಡನೆಯ ಬಟ್ಟಲಿನ ಬಳಿಕ, ಆ ಪ್ರವಾಸದಲ್ಲಿ ಪ್ರಥಮ ಬಾರಿಗೆ, ಅವರ ನಾಲಿಗೆಗೆ ವಿಶ್ರಾಂತಿ ಲಭಿಸುತ್ತದೆ. ಕಾವಾದ ಈ ಗುಣವನ್ನು ಸಮ್ಮೇಳನದ ವ್ಯವಸ್ಥಾಪಕರು ಇನ್ನೂ ಪೂರ್ಣವಾಗಿ ಉಪಯೋಗಿಸಿಕೊಂಡಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಮಾತು ಬಂದಿರುತ್ತದೆ. “ಒಂಬತ್ತು ಗಂಟೆಯೆಂದರೆ ಹತ್ತೂವರೆ, ಇದು ಫಿಜಿ ಟೈಮ್, ನಿಧಾನವಾಗಿ ಹೋಗೋಣ” ಎಂದು ಧೈರ್ಯ ಹೇಳುತ್ತಾರೆ. ಆ ನುಡಿಯನ್ನು ಆ ದೇಶದವರೇ ನಗುತ್ತ ಹೇಳಿಕೊಳ್ಳುವುದುಂಟು. ಆದರೆ ಪ್ರಾರ್ಥನೆ ಒಂಬತ್ತಕ್ಕೆ ಮುಗಿದು, ಅಧ್ಯಕ್ಷರು ಗಂಟೆ ಬಾರಿಸಿ, ಪೂರ್ವಾನುಭವಿಗಳ ಹೆಸರನ್ನು ಎರಡು ಸಲ ಕೂಗಿ, ಮುಂದಿನ ಭಾಷಣಕಾರರನ್ನು ಕರೆದಾಗಿರುತ್ತದೆ. ಆ ವೇಳೆಗೆ ಅವರು ಕೊಠಡಿಯಲ್ಲಿ, ಆಸ್ಟ್ರೇಲಿಯಾದ ಮಾದರಿಯ ಮೂರು ಚಪ್ಪಟೆ ಕಡ್ಡಿಗಳ ಪ್ಲಗ್ಗು ಬೇಡುವ ಗೋಡೆಗೆ ನಮ್ಮ ದುಂಡು ಕಡ್ಡಿಗಳ ಪ್ಲಗ್ಗನ್ನು ಒತ್ತುತ್ತಿರುತ್ತಾರೆ. ಅಥವಾ, ಭಾರತಕ್ಕಿಂತ ಆರೂವರೆ ಗಂಟೆ ಮುಂದಿರುವ ಊರಿನಿಂದ ಬೆಳಗಿನ ಆರಕ್ಕೆ ಮನೆಗೆ ಫೋನು ಮಾಡಿ, ರಾತ್ರಿ ಹನ್ನೊಂದೂವರೆಗೆ ಎಚ್ಚರಗೊಂಡ ಧರ್ಮಪತ್ನಿಯವರಿಂದ ಕೇಳಿದ ಮಾತುಗಳನ್ನು ಮರೆಯಲು ಯತ್ನಿಸುತ್ತಿರುತ್ತಾರೆ.

ಇಷ್ಟಾಗಿಯೂ ಅವರು ದುಷ್ಟರಲ್ಲ, ಸುಳ್ಳುಗಾರರೂ ಅಲ್ಲ. ಅವರು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜವೇ. ದೋಷವೇನೆಂದರೆ, ಆ ದೇಶದಲ್ಲಿ ಹುಟ್ಟಿ ಬೆಳೆದ ಒಬ್ಬರನ್ನಾದರೂ ಅವರು ಇದುವರೆಗೆ ಏನನ್ನೂ ಕೇಳಿದವರಲ್ಲ. ಸುವಾಕ್ಕೆ ಹೋಗಲಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಛತ್ರಿಯೊಂದನ್ನು ಒಯ್ಯಿರಿ, ಉಪ್ಪಿನಕಾಯಿಯನ್ನು ಮನೆಯಲ್ಲಿ ಬಿಡಿ, ಪೂರ್ವಾನುಭವಿಗಳ ಮಾತನ್ನು ಆದರದಿಂದ ಆಲಿಸಿ, ಬಸ್ಸು ಎಷ್ಟು ಹೊತ್ತಿಗೆ ಹೊರಡುವುದೆಂಬುದನ್ನು ಮಾತ್ರ ಬಸ್ಸಿನವರನ್ನೇ ಕೇಳಿ ತಿಳಿದುಕೊಳ್ಳಿ.