ಹಗ್ಗ ಮುಟ್ಟಿದವರು

ನಮ್ಮ ಅಕ್ಕನ ಮಗಳು ಕಲಬುರಗಿಯಿಂದ ಹೈದರಾಬಾದಿಗೆ ಪಿಎಚ್‌.ಡಿ. ಮಾಡಲು ಬಂದವಳು, ಬರ್ಕತ್‌ಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಿಡಾರ ಹೂಡಿದ್ದಾಳೆ. ವಿಷಯ, ವಿಶ್ವವಿದ್ಯಾಲಯಗಳಲ್ಲಿ ಸಹಯೋಗಿ ಆನ್‌ಲೈನ್ ಕಲಿಕೆ. ಅಂದರೆ ಊರಿಗೊಬ್ಬರಂತೆ ಕೂತ ಹುಡುಗರು ಇಂಟರ್ನೆಟ್ಟಿನಲ್ಲಿ ಗುಂಪು ಕಟ್ಟಿಕೊಂಡು ಹೇಗೆ ಕಲಿಯುತ್ತಾರೆ ಅಂತ ನೋಡುವುದು. ನೋಡುವವಳಿಗೂ ಒಂದು ಗುಂಪು ಗಂಟುಬಿದ್ದಿದೆ. ಐವರು ಸೇರಿ ಒಂದು ಪ್ರಬಂಧ ಬರೆಯಬೇಕು.

ರಾತ್ರಿ ಹನ್ನೊಂದೂವರೆಗೆ ನೀರು ಕುಡಿಯಲು ಎದ್ದರೆ ಇವಳೊಬ್ಬಳೇ ಟಕಟಕ ಕುಟ್ಟುತ್ತಿದ್ದಳು.

“ಉಳಿದ ನಾಲ್ಕು ಮಂದಿ ಎಲ್ಲಿ?”

“ಎಲ್ಲಾರೂ ಇಲ್ಲೇ ಅದಾರ ಮಾಮಾ, ನೋಡ್ರಿ” ಅಂತ ಫೋನು ಮುಂದೆ ಹಿಡಿದಳು. ಸಾಲಾಗಿ ನಾಲ್ಕು ಹಳದಿ ಹೆಬ್ಬೆಟ್ಟು.

ಹೆಬ್ಬೆಟ್ಟಿನ ವಿಷಯ ನನಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನಲ್ಲಿ ಸರ್ವಿಸು ಪೂರ್ತಿ ಅದನ್ನೇ ನೋಡಿದವನು. ಗಂಡಸರದು ಎಡ, ಹೆಂಗಸರದು ಬಲ. ನೇರಳೆ ಶಾಯಿಯ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಉರುಳಿಸಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು. ಅದಕ್ಕೆ ಸಾಕ್ಷಿ ಬೇಕಿತ್ತು. ಓದು ಬರದವರ ಪಾಡು ಅದು. ಈಗ ಓದು ಹೆಚ್ಚಾದವರು ಒತ್ತುತ್ತಿದ್ದಾರೆ. ಶಾಯಿ ಬೇಡ, ಸಾಕ್ಷಿ ಬೇಡ, ತಲೆಗೂದಲೂ ಬೇಡ.

“ಇದಕ್ಕ ಹೆಸರದ ಮಾಮಾ, ಸಾಮಾಜಿಕ ಆಲಸ್ಯ” ಅಂದಳು. ಸೋಮಾರಿತನಕ್ಕೂ ಹೆಸರು ಇಟ್ಟು ತೊಟ್ಟಿಲು ತೂಗಿದ್ದಾರಲ್ಲ ಅಂತ ಕುರ್ಚಿ ಎಳೆದುಕೊಂಡು ಕೂತೆ.

ಮ್ಯಾಕ್ಸ್ ರಿಂಗೆಲ್‌ಮನ್ ಅಂತ ಒಬ್ಬ ಫ್ರೆಂಚ್ ಕೃಷಿ ಎಂಜಿನಿಯರು ಜನರ ಕೈಗೆ ಹಗ್ಗ ಕೊಟ್ಟು ಎಳೆಸಿ ಬಲ ಅಳೆದನಂತೆ. 1913ರಲ್ಲಿ ಅಚ್ಚಾದ ಲೆಕ್ಕ ಹೀಗಿದೆ: ಒಬ್ಬನೇ ಎಳೆದರೆ ಪೂರ್ತಿ ಬಲ, ಇಬ್ಬರಾದರೆ ತಲಾ 93ರಷ್ಟು, ಮೂವರಾದರೆ 85, ಎಂಟು ಜನ ಸೇರಿದರೆ ತಲೆಗೆ ನೂರಕ್ಕೆ ಬರೀ 49. ಪುಣ್ಯಾತ್ಮ ಒಮ್ಮೆ ಕಲಬುರಗಿಗೆ ಬಂದು ಶರಣಬಸವೇಶ್ವರ ಜಾತ್ರೆ ನೋಡಬೇಕಿತ್ತು. ತೇರಿನ ಹಗ್ಗಕ್ಕೆ ಸಾವಿರಾರು ಕೈ. ಅದರಲ್ಲಿ ಎಳೆಯುವ ಕೈ ಎಷ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈ ಎಷ್ಟು, ಆ ಶರಣರಿಗೇ ಗೊತ್ತು. ನಾನೂ ಚಿಕ್ಕಂದಿನಲ್ಲಿ ಹಗ್ಗ ಮುಟ್ಟಿಯೇ ಮನೆಗೆ ಬಂದು “ತೇರು ಎಳದೆ” ಅಂತ ಹೇಳಿ ಬೆಂಡು ಬತ್ತಾಸು ತಿಂದವನು.

ಆದರೆ ಜನ ಒಟ್ಟಿಗೆ ಎಳೆಯುವಾಗ ತಾಳ ತಪ್ಪುವುದರಿಂದ ಬಲ ಕಮ್ಮಿಯಾಗುತ್ತದೋ, ಕಳ್ಳಾಟದಿಂದಲೋ? 1974ರಲ್ಲಿ ಅಮೆರಿಕದಲ್ಲಿ ಇದನ್ನೇ ಪತ್ತೆಹಚ್ಚಲು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ತುದಿಯಲ್ಲಿ ಮುಂದೆ ನಿಲ್ಲಿಸಿದರು. ಹಿಂದೆ ಜನ ಇದ್ದಾರೆ ಅಂತ ನಂಬಿಸಿದರು. ಹಿಂದಿದ್ದವರು ಸುಮ್ಮನೆ ನಾಟಕ ಮಾಡಿದರು, ಎಳೆಯುತ್ತಿದ್ದವನು ಇವನೊಬ್ಬನೇ. ಆದರೂ ಆಸಾಮಿ ಬಲ ಕಮ್ಮಿ ಮಾಡಿದ! ಈ ಭಾಗ ಕೇಳಿ ನನಗೆ ಎಷ್ಟು ನಗು ಬಂತೆಂದರೆ ಒಳಗಿಂದ ನಮ್ಮ ಮನೆಯವಳು “ಹೊತ್ತು ಗೊತ್ತು ಇಲ್ಲೇನ್ರಿ” ಅಂತ ಗದರಿದಳು.

ಆನ್‌ಲೈನ್ ಗುಂಪಿನಲ್ಲಿ ಎಲ್ಲರ ಕಣ್ಣಿಗೂ ಬಟ್ಟೆಯೇ. ಕ್ಯಾಮೆರಾ ಬಂದ್, ಮೈಕು ಬಂದ್. ಗ್ಯಾರಿಸನ್ ಮತ್ತು ಇಬ್ಬರು ಸಂಗಡಿಗರು 2000ದಲ್ಲಿ ಕೆನಡಾದಲ್ಲಿ ಕೂತು ಆನ್‌ಲೈನ್ ಕಲಿಕೆಗೆ ಮೂರು ಬಗೆಯ ಇರವು ಬೇಕು ಅಂದರು: ತಲೆ ಅಲ್ಲಿರಬೇಕು, ಸ್ನೇಹ ಅಲ್ಲಿರಬೇಕು, ಮೇಷ್ಟರು ಅಲ್ಲಿರಬೇಕು. ಈ ವಿಷಯದ ಸಂಶೋಧಕರು ಇವತ್ತಿಗೂ ಅವರ ಮಾತಿಗೇ ಜೋತುಬಿದ್ದಿದ್ದಾರೆ. ನಮ್ಮ ಕಾಲದಲ್ಲಿ ಒಂದೇ ಇರವು, “ಎಸ್ ಸಾರ್”. ಅದನ್ನೂ ಪಕ್ಕದವನು ಕೂಗುತ್ತಿದ್ದ.

ನಾನು ಬಿಡಲಿಲ್ಲ. “ನಿಮ್ಮ ಕೆನಡಾಕ್ಕಿಂತ ಮೊದಲೇ ನಮ್ಮ ಕ್ಯಾಶ್ ಕೌಂಟರಿನಾಗ ಇದೆಲ್ಲ ಆಗ್ಯದ” ಅಂದೆ. 1982ರಲ್ಲಿ ಇದೇ ಊರಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಶುರುವಾಯಿತು, ಜಿ. ರಾಮ್ ರೆಡ್ಡಿಯವರು ಮೊದಲ ಕುಲಪತಿ. ಈಗ ಅದಕ್ಕೆ ಅಂಬೇಡ್ಕರ್ ಹೆಸರು. ನಮ್ಮ ಶಾಖೆಯ ನಾಲ್ವರು ಅಲ್ಲಿ ಬಿ.ಎ. ಕಟ್ಟಿದ್ದರು. ಪುಸ್ತಕ ಎಲ್ಲರಿಗೂ ಬಂದಿದ್ದವು, ಪುರುಸೊತ್ತು ಯಾರಿಗೂ ಬಂದಿರಲಿಲ್ಲ. ಒಬ್ಬೊಬ್ಬ ಒಂದೊಂದು ವಿಷಯ ಓದಿ, ಸಂಜೆ ಲೆಡ್ಜರ್ ತಾಳೆ ನೋಡುವಾಗ ಉಳಿದವರಿಗೆ ಹೇಳಬೇಕು ಅಂತ ಕರಾರಾಯಿತು. ಡೆಬಿಟ್ಟಿನ ನಡುವೆ ಅಶೋಕ, ಕ್ರೆಡಿಟ್ಟಿನ ನಡುವೆ ಅಕ್ಬರ. ಚೆನ್ನಾಗಿಯೇ ನಡೆದಿತ್ತು. ಪರೀಕ್ಷೆಗೆ ತಿಂಗಳಿರುವಾಗ ಅರ್ಥಶಾಸ್ತ್ರದವನಿಗೆ ವರಂಗಲ್ಲಿಗೆ ಟ್ರಾನ್ಸ್‌ಫರ್ ಆಯಿತು. ಅವನ ಹಾಸಿಗೆ ಪೆಟ್ಟಿಗೆಯ ಜೊತೆ ಅರ್ಥಶಾಸ್ತ್ರವೂ ಹೋಯಿತು. ಮೂವರೂ ಅದರಲ್ಲಿ ಡುಮ್ಕಿ.

“ಇದು ಜಿಗ್ಸಾ ಪದ್ಧತಿ ಮಾಮಾ!” ಹುಡುಗಿ ಕುಣಿದಳು. ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಮಾಡಿದ್ದು. ಕರಿಯ, ಬಿಳಿಯ, ಮೆಕ್ಸಿಕೋ ಮೂಲದ ಮಕ್ಕಳು ಮೊದಲ ಸಲ ಒಂದೇ ತರಗತಿಗೆ ಬಂದು ಹೊಡೆದಾಡುತ್ತಿದ್ದಾಗ, ಪಾಠವನ್ನು ಚೂರು ಮಾಡಿ ತಲೆಗೊಂದು ಚೂರು ಕೊಟ್ಟ. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗದು. ಹೆಬ್ಬೆಟ್ಟಿಗೆ ಅಲ್ಲಿ ಜಾಗವಿಲ್ಲ. ಟ್ರಾನ್ಸ್‌ಫರಿಗೆ ಆರನ್ಸನ್ ಏನು ಮದ್ದು ಹೇಳಿದ್ದಾನೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆದರೆ ಒತ್ತಿದವರೆಲ್ಲ ಮೈಗಳ್ಳರೂ ಅಲ್ಲ, ಇದು ಅವಳೇ ಹೇಳಿದ್ದು. 2020ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮದೇ ಸುಮಾರು 2,500 ವಿದ್ಯಾರ್ಥಿಗಳನ್ನು ಕೇಳಿದರು. ನೂರಕ್ಕೆ 90ರಷ್ಟು ಮಂದಿಯ ಕೈಯಲ್ಲಿ ಮೊಬೈಲಿತ್ತು. ಆನ್‌ಲೈನ್ ಕ್ಲಾಸಿಗೆ ಕೂರಬಲ್ಲೆವು ಅಂದವರು 37 ಮಾತ್ರ. ಇವಳ ಗುಂಪಿನಲ್ಲೂ ಒಬ್ಬ ಆದಿಲಾಬಾದ್ ಕಡೆಯ ಹುಡುಗ. ಅವನ ಊರಿನ ಸಿಗ್ನಲ್ಲಿನಲ್ಲಿ ಫೈಲು ಹೋಗುವುದಿಲ್ಲ, ಹೆಬ್ಬೆಟ್ಟು ಹೋಗುತ್ತದೆ. ಆ ಒಂದು ಹೆಬ್ಬೆಟ್ಟಿಗೆ ನನ್ನ ನಗು ವಾಪಸು.

ಉಳಿದ ಮೂವರಿಗೆ ಈಗ ಹೊಸ ಸಂಬಂಧಿಕ ಸಿಕ್ಕಿದ್ದಾನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಗುಂಪಿನ ಆರನೆಯವ ಅವನೇ. ಊಟ ಕೇಳುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಹೇಳಿದ್ದಕ್ಕೆಲ್ಲ ಹ್ಞೂಂ. ಇವನು ಸಹಪಾಠಿಯೋ ಕೂಲಿಯಾಳೋ ಅಂತ ಈಗ ಜಗತ್ತೆಲ್ಲ ಪೇಪರು ಬರೆಯುತ್ತಿದೆ. ಅದರಲ್ಲಿ ಎಷ್ಟು ಪೇಪರನ್ನು ಅವನೇ ಬರೆದುಕೊಟ್ಟನೋ! ಇದಕ್ಕೆ ಎದುರಾಗಿ ಇನ್ನೊಂದು ಶಾಸ್ತ್ರವೂ ಎದ್ದಿದೆ: ಯಾರು ಎಷ್ಟು ಹೊತ್ತಿಗೆ ಎಷ್ಟು ಸಾಲು ಕುಟ್ಟಿದರು, ಯಾರು ಯಾರಿಗೆ ಉತ್ತರಿಸಿದರು ಅಂತ ಕಂಪ್ಯೂಟರೇ ಎಣಿಸಿ ಚಿತ್ರ ಬರೆದು ಕೊಡುತ್ತದೆ. ನಮ್ಮ ಬ್ಯಾಂಕಿನ ಆಡಿಟ್ ಪಾರ್ಟಿ ಇದ್ದ ಹಾಗೆ.

“ಒಳ್ಳೇದಾಯ್ತು. ಆ ಮೂವರ ಜಾತಕ ಬಿಚ್ಚು” ಅಂದೆ.

“ಬಿಚ್ಚೀನಿ. ಮೊದಲು ಲೆಕ್ಕ ಬರೋಬರಿ ಬರ್ತದೋ ಇಲ್ಲೋ ನೋಡ್ಲಿಕ್ಕೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಚ್ಚಿ ನೋಡ್ದೆ.”

ಎರಡು ತಿಂಗಳಿಂದ ಆ ಗ್ರೂಪಿನಲ್ಲಿ ಇವಳ ಅಣ್ಣನ ಮದುವೆಯ ಮಾತು ನಡೆದಿದೆ. ಛತ್ರ, ಅಡುಗೆಯವರು, ಪತ್ರಿಕೆ, ಬಸ್ಸು, ಎಲ್ಲ.

“ನಿಮ್ಮವು ನಲವತ್ತೊಂದು ಹೆಬ್ಬೆಟ್ಟು ಮಾಮಾ. ಬರದದ್ದು ಒಂದೇ ಸಾಲು.”

“ಏನಂತ?”

“ಹೋಳಿಗಿ ಕಡ್ಲಿಬ್ಯಾಳಿದೋ, ತೊಗರಿಬ್ಯಾಳಿದೋ ಅಂತ.”